‘ಕಾಯಿ ಕೀಳಬೇಡ’ ಹಾಡಿನ ಉಳಿದರ್ಧ

ಕಾಂಡಕೊರಕ ಎಂದರೆ ಅರೇಬಿಕಾ ಗಿಡದ ಕಾಂಡದೊಳಗೆ ಸುರಂಗ ತೋಡಿ, ನಿಂತ ಗಿಡವನ್ನು ನಿಂತಲ್ಲೇ ಒಣಗಿಸುವ ಹುಳು. ನಮ್ಮ ಕಡೆ ಕಾಫಿ ಬೆಳೆಯುವವರು ಊಟದ ಹೊತ್ತಿನಲ್ಲಿ ಅದರ ಹೆಸರೆತ್ತುವುದಿಲ್ಲ. ಹೆಗ್ಗದ್ದೆಯ ಮೂವರು ಅದನ್ನೇ ತಮ್ಮ ಪಂಕ್ ಬ್ಯಾಂಡಿಗೆ ಇಟ್ಟುಕೊಂಡರು. ಹಾಡುತ್ತಿದ್ದವನು ಯೋಗೇಶ್, ಗಿಟಾರ್ ಅಭಿಲಾಷ್, ಡ್ರಮ್ಸ್ ಸೌಜನ್ಯ. ಮೂರು ಆಲ್ಬಮ್ ಮಾಡಿದರು, ಆಮೇಲೆ ಸುಮ್ಮನಾದರು.

ಹೊಸಬರು ಯಾವ ಆಲ್ಬಮ್ಮಿನಿಂದ ಶುರುಮಾಡಬೇಕು ಎಂದು ತಿಳಿಸುವ ಕೈಪಿಡಿಯೊಂದನ್ನು ಬರೆದುಕೊಡಿ ಎಂದು ಒಂದು ವೆಬ್ ಪತ್ರಿಕೆಯವರು ನನ್ನನ್ನು ಕೇಳಿದ್ದರು. ಎಂ.ಎ. ಮುಗಿಸಿ ಪಾಳ್ಯದ ಮನೆಯಲ್ಲಿದ್ದೆ. ಗದ್ದೆಗೆ ಹೋಗುವಾಗಲೂ ಕಿವಿಯಲ್ಲಿ ಅದೇ ಬ್ಯಾಂಡ್. ‘ಇದೇನು ಕೃತಿಕಾ, ಯಾರಾದರೂ ಜಗಳ ಆಡ್ತಿದ್ದಾರಾ’ ಎಂದು ಅಮ್ಮ ಒಮ್ಮೆ ಇಯರ್‌ಫೋನ್ ಕಿವಿಗಿಟ್ಟುಕೊಂಡು ಕೇಳಿದ್ದಳು. ಬರೆಯುತ್ತೇನೆಂದು ಒಪ್ಪಿಕೊಂಡೆ.

ಮೊದಲನೆಯದು ‘ಕರೆಂಟ್ ಬಂತು’. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯಲ್ಲಿ ರೆಕಾರ್ಡ್ ಮಾಡಿದ್ದು. ತ್ರೀ ಫೇಸ್ ಕರೆಂಟ್ ಇರುವಷ್ಟು ಹೊತ್ತಿನಲ್ಲೇ ಮುಗಿಸಬೇಕಿತ್ತು, ಹಾಗಾಗಿ ಹಾಡುಗಳೆಲ್ಲ ಗಾಡಿ ತಪ್ಪೀತು ಅನ್ನುವವರ ಹಾಗೆ ಓಡುತ್ತವೆ. ಹೊಸಬರು ಇಲ್ಲಿಂದಲೇ ಶುರುಮಾಡಲಿ ಎಂದು ಬರೆದೆ. ಎರಡನೆಯದು ‘ಘಾಟಿ ಬಂದ್’. ಶಿರಾಡಿ ರಸ್ತೆ ಕುಸಿದು ಲಾರಿಗಳು ಸಾಲುಗಟ್ಟಿ ನಿಂತ ಮಳೆಗಾಲದ್ದು. ಅದರಲ್ಲಿ ಯೋಗೇಶನ ಗಂಟಲು ಕೆಟ್ಟಿದೆ, ಅದೇ ಆಲ್ಬಮ್ಮಿನ ಬಲ. ಇಷ್ಟು ಬರೆಯುವುದು ಕಷ್ಟವಾಗಲಿಲ್ಲ.

ಕಷ್ಟವಾದದ್ದು ಮೂರನೆಯದು, ‘ಸ್ಟೋರ್’. ಅದರ ಕೊನೆಯ ಹಾಡು ‘ಕಾಯಿ ಕೀಳಬೇಡ’. ಕೊಯ್ಲಿನ ಹೆಂಗಸರು ಹಣ್ಣಿನ ಜೊತೆ ಹಸಿರು ಕಾಯಿ ಕಿತ್ತಾಗ ಆಳುಗಳ ಮೇಲ್ವಿಚಾರಣೆ ಮಾಡುವ ಎಸ್ಟೇಟ್ ರೈಟರ್ ಕೂಗುವ ಮಾತು ಅದು. ಯೋಗೇಶ್ ಅದನ್ನೇ ಮತ್ತೆ ಮತ್ತೆ ಕೂಗುತ್ತಾನೆ, ಕೆಳಗೆ ಡ್ರಮ್ಸ್ ಏರುತ್ತಾ ಹೋಗುತ್ತದೆ. ಇನ್ನೇನು ಸಿಡಿಯಬೇಕು ಅನ್ನುವಾಗ ಎಲ್ಲ ನಿಂತುಬಿಡುತ್ತದೆ. ಆಮೇಲೆ ಬರೀ ಮೌನ. ಹಾಡಿಗಿಂತ ಉದ್ದದ ಮೌನ, ಆಲ್ಬಮ್ ಮುಗಿಯುವವರೆಗೂ. ಬಹಳ ಜನ ಅಲ್ಲಿಗೇ ಆಫ್ ಮಾಡುತ್ತಾರೆ. ನಾನು ಮಾಡುತ್ತಿರಲಿಲ್ಲ. ಅದು ಖಾಲಿ ಮೌನವಲ್ಲ ಅನ್ನಿಸುತ್ತಿತ್ತು. ಅದರೊಳಗೆ ಯಾರೋ ಉಸಿರು ಹಿಡಿದಿದ್ದಾರೆ, ಒಂದು ಮೂಲೆಯಲ್ಲಿ ಡ್ರಮ್ಸಿನ ಸಿಂಬಲ್ ತಟ್ಟೆ ಇನ್ನೂ ನಡುಗುತ್ತಿದೆ. ಬ್ಯಾಂಡಿನವರು ಜಗಳವಾಡಿದರು ಎಂದು ಕೆಲವರು, ರೈಟರನ್ನು ಅಣಕಿಸಲು ಬೇಕೆಂದೇ ಮಾಡಿದ್ದು ಎಂದು ಕೆಲವರು ಇಂಟರ್ನೆಟ್ಟಿನಲ್ಲಿ ಬರೆದಿದ್ದರು. ಎರಡನ್ನೂ ನನ್ನ ಕಿವಿ ನಂಬಲಿಲ್ಲ.

ಯೋಗೇಶ್ ಈಗ ಸಕಲೇಶಪುರದಲ್ಲಿ ಮೊಬೈಲ್ ರಿಪೇರಿ ಮಾಡುತ್ತಾನೆ. ಮೌನದ ಬಗ್ಗೆ ಕೇಳಿದೆ. ಅದು ಸೌಜನ್ಯಳದ್ದು, ಅವಳನ್ನೇ ಕೇಳಬೇಕು ಎಂದ. ಅದು ರೆಕಾರ್ಡ್ ಆದ ದಿನದ ನಂತರ ಅವಳು ಡ್ರಮ್ಸಿನ ಕೋಲು ಮುಟ್ಟಿಲ್ಲವಂತೆ. ಬೇಸಿಗೆಯಲ್ಲಿ ಹಾಸನದಲ್ಲಿ ಒಂದು ಕಾರ್ಯಕ್ರಮಕ್ಕೆ ಬ್ಯಾಂಡನ್ನು ಕರೆದಿದ್ದಾರೆ, ಇವನು ಇನ್ನೂ ಉತ್ತರ ಕೊಟ್ಟಿಲ್ಲ.

“ಅವಳು ಬಂದ್ರೆ ನುಡಿಸ್ತೀವಿ,” ಎಂದ ಯೋಗೇಶ್. “ಇಲ್ದಿದ್ರೆ ಕಾಂಡಕೊರಕ ಸತ್ತೋಯ್ತು ಅಂತ ಬರ್ಕೊ ಮಾರಾಯ್ತಿ. ಪ್ಲಾಂಟರ್‌ಗಳು ಸ್ವೀಟ್ ಹಂಚ್ತಾರೆ.”

ಹೆಗ್ಗದ್ದೆಗೆ ಹೋದಾಗ ಸೌಜನ್ಯ ನರ್ಸರಿ ಚಪ್ಪರದಡಿ ಕೂತು ಪ್ಲಾಸ್ಟಿಕ್ ಚೀಲಗಳಿಗೆ ಮಣ್ಣು ತುಂಬುತ್ತಿದ್ದಳು. ಅವಳ ಅಪ್ಪ ಚಲುವಯ್ಯ ಆ ಎಸ್ಟೇಟಿನ ರೈಟರ್. ಹಾಡಿನಲ್ಲಿರುವುದು ಅವರದೇ ಮಾತು. ಅಷ್ಟು ಹೊತ್ತಿಗೆ ಅದು ನನಗೆ ಗೊತ್ತಾಗಿತ್ತು. ನಾನೂ ಕೂತು ಚೀಲ ತುಂಬತೊಡಗಿದೆ. ತುಂಬುತ್ತಲೇ ಆ ಮೌನದ ಬಗ್ಗೆ ಕೇಳಿದೆ. ಸಾಕಷ್ಟು ಚೀಲಗಳು ತುಂಬಿದ ಮೇಲೆ ಹೇಳತೊಡಗಿದಳು.

ಕೊಯ್ಲು ಆಗಷ್ಟೇ ಶುರುವಾಗಿತ್ತು. ಗುಡ್ಡದ ನೆತ್ತಿಯಲ್ಲಿ ಕಾಫಿ ಚೀಲ ಪೇರಿಸುವ ತಗಡಿನ ಸ್ಟೋರು ಇನ್ನೂ ಖಾಲಿಯಿತ್ತು, ಅಲ್ಲಿ ರೆಕಾರ್ಡ್ ಮಾಡುತ್ತಿದ್ದರು. ಕೆಳಗಿನ ತೋಟದಲ್ಲಿ ಕೂಲಿ ಲೈನಿನ ಹೆಂಗಸರು ಕಾಫಿ ಕೊಯ್ಯುತ್ತಿದ್ದರು. ಮಧ್ಯಾಹ್ನ, ಆನೆ ಬಂದರೆ ಎಚ್ಚರಿಸುವ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜ್ ಬಂತು, ಆನೆ ಗುಂಪು ತೋಟದೊಳಗಿದೆ ಎಂದು. ಅಭಿಲಾಷ್ ಫೋನ್ ನೋಡಿದವನೇ ಕೈ ಎತ್ತಿದ. ಆನೆ ಎಲ್ಲಿದೆ ಎಂದು ಗೊತ್ತಾಗುವವರೆಗೆ ಸದ್ದು ಮಾಡಬಾರದು, ಸದ್ದಿಗೆ ಬೆದರಿ ಯಾವ ಕಡೆ ತಿರುಗುತ್ತದೋ ಹೇಳಲಾಗುವುದಿಲ್ಲ. ಇಲ್ಲಿ ಮಕ್ಕಳಿಗೂ ಅದು ಗೊತ್ತು. ಮೂವರೂ ಕಲ್ಲಾದರು. ಲ್ಯಾಪ್‌ಟಾಪ್ ಮಾತ್ರ ರೆಕಾರ್ಡ್ ಮಾಡುತ್ತಲೇ ಇತ್ತು. ಅದನ್ನು ನಿಲ್ಲಿಸಿದ ಮೇಲೆ ಕೆಳಗಿನಿಂದ ಕೂಗು ಕೇಳಿಸಿತು. ಕೊಯ್ಲಿನ ಭದ್ರಮ್ಮ ಓಡುವಾಗ ತೊಟ್ಟಿಲು ಗುಂಡಿಗೆ ಬಿದ್ದು ಕೈ ಮುರಿದುಕೊಂಡಿದ್ದಳು. ಗಿಡಗಳ ಸಾಲಿನ ನಡುವೆ ಮಳೆನೀರು ಇಂಗಲೆಂದು ತೋಡಿದ ಗುಂಡಿ ಅದು. ಆನೆಗಳು ಯಾರನ್ನೂ ಮುಟ್ಟದೆ ಕಾಡಿಗೆ ದಾಟಿದ್ದವು.

ಸಂಜೆ ಚಲುವಯ್ಯ ಎಲ್ಲರೆದುರು ಮಗಳಿಗೆ ಹೇಳಿದ್ದು ಒಂದೇ ಮಾತು.

“‘ನಿನ್ನ ಡಬಡಬಕ್ಕೇ ಆನೆ ಕೆಳಗಿಳಿದಿದ್ದು’ ಅಂದ್ರು,” ಎಂದಳು ಸೌಜನ್ಯ.

ಮರುದಿನ ಡ್ರಮ್ಸ್ ಬಿಚ್ಚಿ ಗೋಣಿಯಲ್ಲಿ ಸುತ್ತಿ ಸ್ಟೋರಿನ ಅಟ್ಟಕ್ಕೆ ಹಾಕಿದಳು. ಭದ್ರಮ್ಮ ಮಾರನಹಳ್ಳಿಗೆ, ಮಗಳ ಮನೆಗೆ ಹೋದಳು. ಉಳಿದಿಬ್ಬರು ಆ ಅರ್ಧ ಹಾಡನ್ನೂ ಮೌನವನ್ನೂ ಇದ್ದ ಹಾಗೇ ಸೇರಿಸಿ ಆಲ್ಬಮ್ ಬಿಡುಗಡೆ ಮಾಡಿದರು. ಸೌಜನ್ಯ ಅದನ್ನು ಒಮ್ಮೆಯೂ ಕೇಳಿಲ್ಲ. ಅಪ್ಪ ಹೇಳಿದ್ದು ನಿಜವೇ ಎಂದು ಭದ್ರಮ್ಮನನ್ನೂ ಕೇಳಿಲ್ಲ.

ಕೇಳಬೇಕು ಅನ್ನಿಸಲಿಲ್ಲವೇ ಎಂದೆ. ಅವಳು ಕೈಯ ಮಣ್ಣು ಕೊಡವಿಕೊಂಡಳು.

“ನೀವ್ ಕೇಳ್ತೀರಾ?” ಎಂದಳು. “ನಾನ್ ಪಕ್ಕದಲ್ಲಿ ನಿಂತಿರ್ತೀನಿ.”

ನನ್ನ ಸ್ಕೂಟಿಯಲ್ಲೇ ಹೋದೆವು. ಮಾರನಹಳ್ಳಿಯಲ್ಲಿ, ಘಾಟಿ ಇಳಿಯುವ ಮುಂಚೆ ಲಾರಿಯವರು ನಿಲ್ಲಿಸುವಲ್ಲಿ ಭದ್ರಮ್ಮನ ಮಗಳ ಟೀ ಹೋಟೆಲಿದೆ. ಭದ್ರಮ್ಮ ಬೆಂಚಿನ ಮೇಲೆ ಕೂತು ಈರುಳ್ಳಿ ಹೆಚ್ಚುತ್ತಿದ್ದಳು. ಎಡಗೈ ಮೊಣಕೈ ಹತ್ತಿರ ಸ್ವಲ್ಪ ಸೊಟ್ಟಗಿತ್ತು. ಸೌಜನ್ಯಳನ್ನು ಕಂಡು, ರೈಟರ ಮಗಳಿಗೆ ಈಗ ದಾರಿ ಗೊತ್ತಾಯಿತೇನೋ ಎಂದು ಕುಟುಕಿದಳು, ಟೀ ಹೇಳಿದಳು. ನಾನು ಸುತ್ತಿ ಬಳಸಿ ಆ ದಿನಕ್ಕೆ ಬಂದೆ. ಆನೆ ಯಾಕೆ ಕೆಳಗಿಳಿಯಿತು ಎಂದು ಕೇಳಿದೆ.

“ಆನೆ ಯಾಕಿಳೀತು ಅಂತ ಆನೇನೇ ಕೇಳ್ಬೇಕು ಕಣವ್ವ,” ಎಂದಳು ಭದ್ರಮ್ಮ. “ನಂಗೇನ್ ಗೊತ್ತೈತೆ?”

ಸೌಜನ್ಯ ರಸ್ತೆಯ ಕಡೆ ತಿರುಗಿದಳು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಆದರೆ ನನ್ನ ಕುತೂಹಲ ಇದ್ದದ್ದು ಮೌನದ ಬಗ್ಗೆ. ಮೇಲಿನ ಸದ್ದು ನಿಂತದ್ದು ಕೆಳಗೆ ತಿಳಿಯಿತೇ ಎಂದು ಕೇಳಿದೆ.

“ತಿಳೀದೆ? ಅದ್ರಿಂದ್ಲೇ ತಾನೆ ನಾವು ಎದ್ದಿದ್ದು,” ಎಂದಳು. “ಕೊಯ್ಯೋವಾಗ ಫೋನ್ ಹಿಡ್ಕಂಡ್ರೆ ರೈಟ್ರು ಬಿಡಾಕಿಲ್ಲ. ಮೆಸೇಜ್ ನಮಗ್ಯಾರ್ ಹೇಳ್ತಾರೆ? ಬೆಳಿಗ್ಗೆಯಿಂದ ಇವರ ಗಲಾಟೆ ಕೇಳ್ಕಂಡು ಕಿತ್ತಿದ್ದು. ರೈಟ್ರು ಬೈಯೋದ್ನೇ ಹಾಡ್ ಮಾಡವ್ರೆ ಅಂತ ನಕ್ಕು ನಕ್ಕು ಸಾಕಾಗಿತ್ತು. ಗಪ್ ಅಂತ ನಿಂತೋಯ್ತು. ಹಾಡು ಮುಗಿದಂಗಲ್ಲ, ಯಾರೋ ಬಾಯಿ ಮುಚ್ಚಿದಂಗೆ. ಮೇಲೇನೋ ಆಗೈತೆ ನಡೀರೇ ಅಂದೆ. ಚೀಲ ಅಲ್ಲೇ ಬುಟ್ಟು ಎಲ್ಲರೂ ರಸ್ತೆಗೆ ಬಂದ್ವಿ.”

“ಮತ್ತೆ ಕೈ, ಭದ್ರಕ್ಕ?” ಎಂದಳು ಸೌಜನ್ಯ. ಅಲ್ಲಿಗೆ ಬಂದ ಮೇಲೆ ಅವಳ ಮೊದಲ ಮಾತು.

“ಅದು ನನ್ ದುರಾಸೆ ಕಣ್ ಮಗಾ. ಚೀಲ ತುಂಬಿತ್ತು, ತರಾನ ಅಂತ ವಾಪಸ್ ಹೋದೆ. ನಾವ್ ಕೀಳ್ತಿದ್ದ ಸಾಲಿಗೇ ಆನೆ ಬಂದಿತ್ತು, ನೋಡಿ ಓಡಿದೆ.”

ಇದನ್ನು ಯಾಕೆ ಯಾರಿಗೂ ಹೇಳಲಿಲ್ಲ ಎಂದು ಕೇಳಿದೆ. ಕೆಲಸ ಬಿಟ್ಟು ಎದ್ದದ್ದಕ್ಕೇ ರೈಟರು ಕೆಂಡವಾಗಿದ್ದರು, ಅವರ ಮುಂದೆ ಬಾಯಿ ಬಿಡುವವರು ಯಾರು ಎಂದಳು. ಆಮೇಲೆ ಚಾಕು ಕೆಳಗಿಟ್ಟು, ಆ ಹಾಡು ಕೊನೆಗೆ ಏನಾಯಿತು ಎಂದು ಕೇಳಿದಳು. ತಾನು ಅರ್ಧ ಮಾತ್ರ ಕೇಳಿದ್ದಂತೆ.

ಎಲ್ಲರೂ ಕೇಳಿರುವುದು ಅರ್ಧವೇ ಎಂದು ಹೇಳಿ ಫೋನಿನಲ್ಲಿ ಹಾಕಿದೆ. ಭದ್ರಮ್ಮ ‘ಕಾಯಿ ಕೀಳಬೇಡ’ ಬಂದಾಗಲೆಲ್ಲ ಸೊಟ್ಟ ಕೈಯಿಂದ ತೊಡೆ ತಟ್ಟಿ ನಕ್ಕಳು. ಸೌಜನ್ಯ ತಾನು ನುಡಿಸಿದ್ದನ್ನು ಮೊದಲ ಬಾರಿ ಕೇಳುತ್ತಾ ಗೋಡೆಗೊರಗಿ ನಿಂತಿದ್ದಳು. ಹಾಡು ನಿಂತಿತು. ಫೋನಿನೊಳಗೆ ಸ್ಟೋರಿನ ಮೌನ, ಹೊರಗೆ ಗೇರ್ ಬದಲಿಸುವ ಲಾರಿ. ನಾನು ಆಫ್ ಮಾಡಲು ಕೈ ಚಾಚಿದೆ. ಸೌಜನ್ಯ ಬೇಡವೆಂದು ತಲೆಯಾಡಿಸಿ, ಟೀ ಲೋಟ ಕೆಳಗಿಟ್ಟಳು. ಖಾಲಿ ಬಿಸ್ಕತ್ತಿನ ಡಬ್ಬ ಎಳೆದುಕೊಂಡು, ಹಾಡು ನಿಂತ ಪೆಟ್ಟಿನಿಂದಲೇ ಬಾರಿಸಲು ಶುರುಮಾಡಿದಳು. ಒಂದೆರಡು ಕಡೆ ತಪ್ಪಿದಳು. ನಿಲ್ಲಿಸಲಿಲ್ಲ. ಆ ಉಳಿದರ್ಧ ಹೇಗಿತ್ತು ಎಂದು ಕೈಪಿಡಿಯಲ್ಲಿ ಬರೆದಿಲ್ಲ, ಇಲ್ಲೂ ಬರೆಯುವುದಿಲ್ಲ. ನುಡಿಸುವವರೇ ಕೇಳಿಸಲಿ. ಮೂರನೇ ಆಲ್ಬಮ್ಮನ್ನು ಕೊನೆಗೆ ಕೇಳಿ, ಸದ್ದು ನಿಂತಾಗ ಎದ್ದು ಹೋಗಬೇಡಿ ಎಂದಷ್ಟೇ ಬರೆದೆ.

ವಾಪಸ್ ಬರುವಾಗ ಸೌಜನ್ಯ ಹಿಂದೆ ಕೂತಿದ್ದಳು. ಹೆಗ್ಗದ್ದೆಯ ತಿರುವಿನಲ್ಲಿ, ಗೋಣಿಯನ್ನು ಇಲಿ ಕಡಿದಿರಬಹುದು, ಡ್ರಮ್ಮಿನ ಚರ್ಮ ಬದಲಿಸಬೇಕಾಗುತ್ತದೆ ಎಂದಳು. ಈಗಲೇ ಹೋಗಿ ನೋಡೋಣವೇ ಎಂದೆ.

“ಸ್ಟೋರಿನ ಬೀಗದ ಕೈ ಅಪ್ಪನ ಹತ್ರ ಐತೆ.”

ಅವರನ್ನು ನಾನು ಕೇಳಲೇ ಎಂದೆ.

“ಬೇಡ,” ಎಂದಳು ಇಳಿಯುತ್ತಾ. “ಇದನ್ನ ನಾನೇ ಕೇಳ್ತೀನಿ.”