ಹೆಬ್ಬಾತು ಕೊಯ್ಯುವ ಕೈ

ಮದುವೆಯ ಹಿಂದಿನ ದಿನ ಆಂಬ್ರೋಸ್ ಪಿನ್ನಕ್ ಡಾರ್ಕಸಳಿಗೆ ಮಾತು ಕೊಟ್ಟಿದ್ದ: ಎಂಥ ಕೆಲಸವಿದ್ದರೂ ಸರಿ, ಕ್ರಿಸ್‌ಮಸ್ ಊಟಕ್ಕೆ ಬೆಂದ ಹೆಬ್ಬಾತನ್ನು ತಾನೇ ಕೊಯ್ದು ಮನೆಯವರಿಗೆ ಬಡಿಸುತ್ತೇನೆ ಎಂದು. ಡಾರ್ಕಸಳಿಗೆ ಅದಕ್ಕಿಂತ ದೊಡ್ಡ ಮಾತು ಬೇಕಿರಲಿಲ್ಲ. ಅವಳ ಅಪ್ಪ ಹಡಗಿನವನು. ಅವಳ ಬಾಲ್ಯದ ಕ್ರಿಸ್‌ಮಸ್‌ಗಳಲ್ಲೆಲ್ಲ ಮೇಜಿನ ತಲೆಯಲ್ಲಿ, ಹೆಬ್ಬಾತು ಕೊಯ್ಯುವ ಯಜಮಾನನ ಜಾಗದಲ್ಲಿ, ಇದ್ದದ್ದು ಬರೀ ಖಾಲಿ ಕುರ್ಚಿ.

ಮೊದಲೆರಡು ವರ್ಷ ಆಂಬ್ರೋಸ್ ಕೊಯ್ದ. ಆಮೇಲೆ ಅವನಿಗೆ ದೆವ್ವ ಹಿಡಿಯಿತು.

ಅದು ಅವನೇ ಬರೆದ ದೆವ್ವ. ಬದುಕಿದ್ದಾಗ ಒಮ್ಮೆಯೂ ಮನೆಯಲ್ಲಿ ಕೂತು ಉಣ್ಣದ ಸಾಹುಕಾರನೊಬ್ಬ ಸತ್ತ ಮೇಲೆ ಪ್ರತಿ ಕ್ರಿಸ್‌ಮಸ್‌ಗೂ ಬಂದು, ಕಿಟಕಿಯಾಚೆ ಹಿಮದಲ್ಲಿ ನಿಂತು, ಹೆಂಡತಿ ಮಕ್ಕಳು ಉಣ್ಣುವುದನ್ನು ನೋಡುತ್ತಾನೆ, ಒಳಗೆ ಬರಲಾರ. ಕತೆ ಓದಿ ಲಂಡನ್ನಿನ ಕರವಸ್ತ್ರಗಳೆಲ್ಲ ತೊಯ್ದವು. ಅಲ್ಲಿಂದ ಮುಂದೆ ವರ್ಷಕ್ಕೊಂದು ದೆವ್ವ. ಡಿಸೆಂಬರಿನ ದೆವ್ವ ಆಗಸ್ಟಿನಲ್ಲೇ ತಯಾರಾಗಬೇಕು; ಪರದೆ ಎಳೆದು, ಬೆವರು ಒರೆಸಿಕೊಳ್ಳುತ್ತ ಅವನು ಹಿಮದ ಬಗ್ಗೆ ಬರೆಯುತ್ತಿದ್ದ. ಮಕ್ಕಳ ಗಲಾಟೆ ಕಿವಿಗೆ ಬಿದ್ದರೆ ಮಕ್ಕಳ ಮೇಲಿನ ಪ್ರೀತಿ ಬರೆಯುವುದಕ್ಕಾಗುವುದಿಲ್ಲವೆಂದು ಮೂವರನ್ನೂ ಹಿತ್ತಲಿಗೆ ಅಟ್ಟುತ್ತಿದ್ದ. ಕ್ರಿಸ್‌ಮಸ್ ಬಂದರೆ ಎಲ್ಲಿಯೋ ಒಂದು ಕಡೆ ಆ ಮೊದಲ ಕತೆಯ ವಾಚನ.

ಈ ಸಲ ಊಟ ತಪ್ಪಿಸುವುದಿಲ್ಲವೆಂದು ಬೈಬಲ್ ಮುಟ್ಟಿ ಹೇಳಿದ್ದ. ಆದರೆ ಹಬ್ಬದ ಮುಂಚಿನ ದಿನ ಕುಟುಂಬಪ್ರೇಮ ಸಂಘದ ಅಧ್ಯಕ್ಷೆ ಮಿಸೆಸ್ ಲುಡ್ಲೋ ಬಂದರು. ಮನೆ ಮರೆತ ಗಂಡಸರ ಕಣ್ಣು ತೆರೆಸಲು ಹಬ್ಬದ ಮಧ್ಯಾಹ್ನವೇ ತಮ್ಮ ಸಭಾಂಗಣದಲ್ಲಿ ಓದಬೇಕು ಎಂದರು. ಆಂಬ್ರೋಸ್ ಒಪ್ಪಿಕೊಂಡ ಮೇಲೆ ಹೆಂಡತಿಯ ಕಡೆ ತಿರುಗಿದ.

"ನೂರಾರು ಮನೆ ಉದ್ಧಾರ ಆಗ್ತವೆ ಕಣೇ. ನಮ್ಮನೆ ಹೆಬ್ಬಾತು ಒಂದಿಷ್ಟು ಹೊತ್ತು ಕಾದ್ರೆ ಅದಕ್ಕೇನಾಗುತ್ತೆ?"

"ಅದಕ್ಕೇನೂ ಆಗಲ್ಲ ರೀ. ಅದು ಆಗ್ಲೇ ಸತ್ತಿದೆ," ಎಂದಳು ಡಾರ್ಕಸ್.

ಮಿಸೆಸ್ ಲುಡ್ಲೋರನ್ನು ಬೀದಿಯವರೆಗೆ ಕಳಿಸಿಬರಲೆಂದು ಅವನು ಟೋಪಿ ಹುಡುಕಲು ಹೋದಾಗ ಮಗಳು ಲೆಟಿಸ್ ಅಮ್ಮನ ಲಂಗ ಹಿಡಿದು ಕೇಳಿದಳು, "ಅಮ್ಮಾ, ಅಪ್ಪ ಸತ್ತು ದೆವ್ವ ಆದ್ಮೇಲಾದ್ರೂ ಊಟಕ್ಕೆ ಬರ್ತಾರಾ?"

ಅವನು ಮೇಜಿಗೆ ಬಾರದಿದ್ದರೆ ಮೇಜೇ ಅವನಲ್ಲಿಗೆ ಹೋಗಲಿ ಎಂದು ಡಾರ್ಕಸ್ ಆಗಲೇ ತೀರ್ಮಾನಿಸಿದ್ದಳು.

ಆ ಬೀದಿಯ ಮನೆಗಳಲ್ಲಿ ಹೆಬ್ಬಾತು ಹಿಡಿಸುವಂಥ ಒಲೆಯಿಲ್ಲ. ಹಬ್ಬದ ಬೆಳಿಗ್ಗೆ ಎಲ್ಲರೂ ಅದನ್ನು ರೊಟ್ಟಿಯಂಗಡಿಯ ಒಲೆಗೆ ಕೊಟ್ಟು ಚರ್ಚಿಗೆ ಹೋಗುತ್ತಾರೆ. ಬರುವಾಗ ಬೆಂದದ್ದನ್ನು ಹೊತ್ತು ತರುತ್ತಾರೆ. ಡಾರ್ಕಸ್ ತಟ್ಟೆಗೆ ಬಟ್ಟೆ ಮುಚ್ಚಿ, ಮಕ್ಕಳೊಂದಿಗೆ ಎದುರು ದಿಕ್ಕಿಗೆ ಹೊರಟಳು.

"ಮನೆ ಆ ಕಡೆ ಅಲ್ವೇನಮ್ಮಾ?" ಎಂದ ಅಂಗಡಿಯ ಹಾಬ್ಡೇ.

"ಯಜಮಾನ್ರು ಈ ಕಡೆ ಇದ್ದಾರೆ."

ಸಭಾಂಗಣದ ಮುಂದಿನ ಸಾಲು ಲೇಖಕರ ಕುಟುಂಬಕ್ಕೆಂದೇ ಮೀಸಲು. ಡಾರ್ಕಸ್ ಬೆಂಚಿನ ಮೇಲೆ ಬಟ್ಟೆ ಹಾಸಿ ಹೆಬ್ಬಾತನ್ನೂ ಚಾಕುವನ್ನೂ ಇಟ್ಟಳು. ಮಕ್ಕಳು ಕೈಕಟ್ಟಿ ಕೂತರು. ಅಪ್ಪ ಕೊಯ್ಯದೆ ಯಾರೂ ಮುಟ್ಟುವಂತಿಲ್ಲ. ವೇದಿಕೆಯ ಮೇಲೆ ಓದುತ್ತಿದ್ದ ಆಂಬ್ರೋಸ್ ಆಗಷ್ಟೇ ಕತೆಯಲ್ಲಿ ಕಿಟಕಿಯ ಭಾಗಕ್ಕೆ ಬಂದಿದ್ದ. ಈರುಳ್ಳಿ ತುಂಬಿದ ಮಾಂಸದ ಘಮ ಮೂಗಿಗೆ ಬಡಿದು ಅವನ ದನಿ ನಿಂತಿತು. ಲೆಟಿಸ್ ಎದ್ದು ಚಾಕುವಿನ ಹಿಡಿಯನ್ನು ಅಪ್ಪನತ್ತ ಚಾಚಿದಳು.

ಅವನು ಪುಸ್ತಕ ಕೆಳಗಿಟ್ಟ. ಒಂದು ಮೆಟ್ಟಿಲು ಇಳಿದ. ಕೈ ಮುಂದೆ ಬಂತು. ಡಾರ್ಕಸ್ ತಟ್ಟೆಯನ್ನು ಅವನತ್ತ ಸರಿಸಿದಳು.

ಆಗ ಸಭೆಗೆ ಸಭೆಯೇ ಬಿಕ್ಕಿತು. ಇದೂ ವಾಚನದ ಭಾಗವೆಂದು ಜನ ತಿಳಿದರು. ಚಪ್ಪಾಳೆಗೆ ದೀಪಗಳು ನಡುಗಿದವು. ಮಿಸೆಸ್ ಲುಡ್ಲೋ ಮೂಗೊರೆಸಿಕೊಳ್ಳುತ್ತ, "ಆ ಮೆಟ್ಟಿಲು ಇಳಿಯೋದು ಇನ್ನೊಂದ್ಸಲ ಮಾಡಿ, ಸ್ವಾಮಿ," ಎಂದರು.

ಆಂಬ್ರೋಸ್ ಚಾಕು ನೋಡಿದ, ಜನರನ್ನು ನೋಡಿದ. ಮತ್ತೆ ಮೇಲೆ ಹತ್ತಿ, ಪುಟ ಹಿಂದಕ್ಕೆ ತಿರುವಿ, ಮೊದಲಿಗಿಂತ ಚೆನ್ನಾಗಿ ನಡುಗುವ ದನಿಯಲ್ಲಿ ಕಿಟಕಿಯ ಭಾಗವನ್ನು ಮೊದಲಿನಿಂದ ಓದತೊಡಗಿದ.

ತಟ್ಟೆಯಲ್ಲಿ ಕೊಬ್ಬು ಗಟ್ಟಿಯಾಗುತ್ತಿತ್ತು. ಡಾರ್ಕಸ್ ಮಗಳ ಕೈಯಿಂದ ಚಾಕು ತೆಗೆದುಕೊಂಡಳು. ಗಂಡುಮಕ್ಕಳಿಬ್ಬರಿಗೂ ಒಂದೊಂದು ಕಾಲು, ಲೆಟಿಸಳಿಗೆ ಎದೆಯ ಭಾಗ, ಪಕ್ಕದಲ್ಲಿ ಅಳುತ್ತಿದ್ದ ಮುದುಕನಿಗೂ ಒಂದು ತುಂಡು ಹಾಕಿದಳು.

ಹೆಬ್ಬಾತನ್ನು ಕೊಯ್ದದ್ದು ಡಾರ್ಕಸ್. ಆಂಬ್ರೋಸ್ ಕೊಟ್ಟ ಮಾತು ಆ ವರ್ಷವೂ ನಡೆಯಲಿಲ್ಲ.