ತೋಟೆಯ ಹಿತ್ತಾಳೆ, ಆಟದ ಇಟ್ಟಿಗೆ

ಕುಟ್ಟಪ್ಪ ಧಣಿಗೆ ಕಾಫಿ ಗಿಡ ಯಾವುದು, ಕಾಡು ಗಿಡ ಯಾವುದು ಎಂದು ಗೊತ್ತಿದ್ದರೆ ಅದೇ ಹೆಚ್ಚು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಐದು ವರ್ಷವಾಗಿತ್ತು. ಬಿಳಿ ದೊರೆ ಕರಿಕೆ ಕಡೆಯ ತನ್ನ ಎಸ್ಟೇಟು ಮಾರಿ ಊರಿಗೆ ಹೊರಟ. ಕೊಂಡವರು ನಮ್ಮ ಧಣಿ. ಬಂದವರೇ ದೊರೆಯ ಕುರ್ಚಿಯಲ್ಲಿ ಕೂತು, ಪೈಪು ಬಾಯಿಗಿಟ್ಟು ಕೆಮ್ಮಿದರು.

ನಾನು ಪದ್ಮಯ್ಯ, ಆ ತೋಟದ ಫಿಟ್ಟರ್. ಹಳ್ಳದ ನೀರಿಗೆ ತಿರುಗುವ ಮರದ ಚಕ್ರ ನೋಡಿಕೊಳ್ಳುವುದು ನನ್ನ ಕೆಲಸ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಓಡುತ್ತಿದ್ದದ್ದು ಆ ಚಕ್ರದಿಂದ. ಅದನ್ನು ಮಾಡಿದವರು ನನ್ನ ಅಪ್ಪ. ಪ್ರತಿ ವರ್ಷ ಹಣ್ಣು ಕೊಯ್ಯುವ ಪಿಕ್ಕಿಂಗಿಗೆ ಮುಂಚೆ ಅಚ್ಚಿನ ಕೆಳಗಿನ ಹಲಸಿನ ದಿಮ್ಮಿ ಬದಲಾಯಿಸಿ, ಎಣ್ಣೆ ಹಾಕಿ, ಕೈಮುಗಿದು ನೀರು ಬಿಡುತ್ತಿದ್ದೆ.

ಧಣಿಗೆ ಅದು ಸಾಲಲಿಲ್ಲ. "ಎಂತ ಪದ್ಮಯ್ಯ, ನಿನ್ನ ಚಕ್ರ ಬಸುರಿ ಎಮ್ಮೆ ಹಾಗೆ ನಡೆಯುತ್ತೆ. ಕಿತ್ತು ಬಿಸಾಕಿ ಡೀಸೆಲ್ ಎಂಜಿನ್ ತರ್ತೇನೆ" ಎಂದರು.

ಆಗ ಬಾಯಿ ಹಾಕಿದವನು ಅವರ ಹೆಂಡತಿಯ ತಮ್ಮ ಬೋಜಪ್ಪ. ಎಂಜಿನಿಯರಿಂಗ್ ಓದಿ ಬಂದಿದ್ದ. ಕೈ ನೋಡಿದರೆ ಒಂದು ಬೊಬ್ಬೆ ಇಲ್ಲ, ಬೆಣ್ಣೆ! "ಭಾವ, ಚಕ್ರ ಸರಿಯಾಗಿಯೇ ಉಂಟು. ಹಲ್ಲಿನ ಗಾಲಿ ಮಾತ್ರ ಬದಲಾಯಿಸಿದರೆ ಅದೇ ನೀರಿಗೆ ಪಲ್ಪರ್ ಎರಡು ಪಟ್ಟು ಓಡುತ್ತೆ. ಬೇಕಾದರೆ ಆಟದ ಇಟ್ಟಿಗೆಯಲ್ಲಿ ಸಣ್ಣ ಮಾದರಿ ಮಾಡಿ ತೋರಿಸ್ತೇವೆ" ಎಂದ.

ದೊರೆಯ ಮಕ್ಕಳು ಬಿಟ್ಟುಹೋದ ಒಂದು ಪೆಟ್ಟಿಗೆ ಪ್ಲಾಸ್ಟಿಕ್ ಇಟ್ಟಿಗೆ ಬಂಗಲೆಯಲ್ಲಿತ್ತು. ಮೇಲೆ ಗುಬುಟು, ಕೆಳಗೆ ಪೊಳ್ಳು. ಒಂದರ ಮೇಲೊಂದು ಒತ್ತಿದರೆ ಟಕ್ಕೆಂದು ಕೂರುತ್ತವೆ. ಮನೆ ಕಟ್ಟಬಹುದು, ತಿರುಗಿಸುವಂಥದ್ದು ಏನೂ ಅದರಲ್ಲಿಲ್ಲ. ಗಾಲಿ, ಅಚ್ಚು, ಎಲ್ಲ ನಾನೇ ಮಾಡಬೇಕು, ಅದೂ ಆ ಗುಬುಟುಗಳ ಅಳತೆಗೆ. ಥೂ! ನನ್ನ ಅಪ್ಪನ ಚಕ್ರದ ಹಣೆಬರಹ ಬೆಲ್ಲದಚ್ಚಿನಂಥ ಆಟಿಕೆಯ ಕೈಗೆ ಬಂತು.

"ಮೂರು ದಿನ ಹಳ್ಳದ ಕಾಲುವೆಯಲ್ಲಿ ನಿಲ್ಲದೆ ತಿರುಗಲಿ. ತಿರುಗಿದರೆ ನಿನ್ನ ಚಕ್ರ ಇರುತ್ತೆ. ನಿಂತರೆ ಎಂಜಿನ್" ಎಂದರು ಧಣಿ. ತಕ್ಕಡಿ ಹಿಡಿಯಲು ಬಾರದವನಿಗೆ ನ್ಯಾಯ ಹೇಳುವ ಚಪಲ.

ಗಾಲಿಗೆ ಏನು ಬಳಸಲಿ ಎಂದು ನಾನು ಯಾರನ್ನೂ ಕೇಳಲಿಲ್ಲ. ಕೋವಿ ಪೂಜೆಯ ಹಬ್ಬ ಕೈಲ್ ಮುಹೂರ್ತದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆದು ಖಾಲಿಯಾದ ಹಿತ್ತಾಳೆ ತೋಟೆಗಳು ಮನೆಯಲ್ಲಿದ್ದವು. ಮತ್ತೆ ಮದ್ದು ತುಂಬಲು ಇಟ್ಟದ್ದು. ಅವುಗಳ ತಳ ಕತ್ತರಿಸಿ, ಮೂರು ಮೂರು ಸೇರಿಸಿ ಬೆಸೆದು, ಅರದಲ್ಲಿ ಒಂದೊಂದೇ ಹಲ್ಲು ತೆಗೆದೆ. ಹಿತ್ತಾಳೆ ಸಲಾಕೆಯನ್ನು ಸವರಿ ಅಚ್ಚು, ತಗಡು ಕತ್ತರಿಸಿ ಪುಟ್ಟ ನೀರಿನ ಚಕ್ರ ಮಾಡಿದೆ. ಹೆಂಡತಿ ಬೊಳ್ಳಮ್ಮ ನೋಡಿ, "ಮುಂದಿನ ವರ್ಷ ಕೋವಿಗೆ ಎಂತ ತುಂಬಿಸ್ತೀರಿ, ರಾಗಿ ಹಿಟ್ಟಾ?" ಎಂದಳು. ನಮ್ಮ ಮನೆಯ ಕೋವಿಯ ಹಿತ್ತಾಳೆ ಅದು, ನೂರು ವರ್ಷ ಬಾಳುತ್ತದೆ ಎಂದು ಮೀಸೆ ತಿರುವಿದೆ.

ಬೋಜಪ್ಪ ಇಟ್ಟಿಗೆ ಗೋಡೆ ಕಟ್ಟಿ, ಕಾದ ಮೊಳೆಯಿಂದ ಅಚ್ಚಿಗೆ ತೂತು ಮಾಡಿಕೊಟ್ಟ. ಆಮೇಲೆ ಮೆಲ್ಲಗೆ ಹೇಳಿದ, "ಪದ್ಮಯ್ಯಣ್ಣ, ಹಿತ್ತಾಳೆ ಗಟ್ಟಿ, ಇಟ್ಟಿಗೆ ಮೆದು. ನೀರಲ್ಲಿ ಮರಳೂ ಉಂಟು. ತೂತಿಗೆ ಒಂದು ಮರದ ಬಿಲ್ಲೆ ಹಾಕುವ. ಸವೆದರೆ ಅದು ಸವೆಯಲಿ."

"ಕುಣಿಯಲಾರದವಳಿಗೆ ನೆಲ ಡೊಂಕಂತೆ" ಎಂದೆ. "ನೀನು ಅರ ಹಿಡಿದದ್ದು ಯಾವಾಗ ಮಾರಾಯ? ಪುಸ್ತಕದ ಬದನೆಕಾಯಿ ತಂದು ನನಗೆ ಸಾರು ಮಾಡಲು ಕಲಿಸ್ತೀಯಾ?" ಅವನು ತಲೆ ತಗ್ಗಿಸಿ ಮೊಳೆ ಎತ್ತಿಟ್ಟ. ನನಗೆ ಎಷ್ಟು ಹಿತವಾಯಿತು ಎಂದರೆ ಅವತ್ತು ಎರಡು ತುತ್ತು ಹೆಚ್ಚು ಉಂಡೆ.

ಎರಡು ದಿನ ಕಾಲುವೆಯಲ್ಲಿ ಆ ಪುಟ್ಟ ಚಕ್ರ ಭರ್ರನೆ ತಿರುಗಿತು. ಕೂಲಿ ಲೈನಿನ ಹೆಂಗಸರು ಕೆಲಸ ಬಿಟ್ಟು ಬಂದು ನೋಡಿದರು. ಧಣಿಯೂ ಪೈಪು ತೆಗೆದು, "ಪರವಾಗಿಲ್ಲವೇ!" ಎಂದರು. ನಾನು ಕಾಲುವೆಯ ಪಕ್ಕ ಕಾಲ ಮೇಲೆ ಕಾಲು ಹಾಕಿ ಕೂತು ಎಲೆ ಅಡಿಕೆ ಜಗಿದೆ.

ಮೂರನೆಯ ದಿನ ಬೆಳಗ್ಗೆ ಅಚ್ಚು ಒಂದು ಕಡೆ ವಾಲಿತ್ತು. ಮಧ್ಯಾಹ್ನದ ಹೊತ್ತಿಗೆ ಗಾಲಿಗಳ ಹಲ್ಲು ಒಂದಕ್ಕೊಂದು ತಾಗದೆ ಚಕ್ರ ಸುಮ್ಮನೆ ತಿರುಗಿತು, ಆಮೇಲೆ ಗೋಡೆ ಕುಸಿದು ಎಲ್ಲ ನೀರಿಗೆ ಬಿತ್ತು. ಹೆಕ್ಕಿ ನೋಡಿದೆ. ಹಿತ್ತಾಳೆಗೆ ಒಂದು ಗೀರೂ ಬಿದ್ದಿರಲಿಲ್ಲ. ಇಟ್ಟಿಗೆಯ ದುಂಡು ತೂತು ಕೋಳಿಮೊಟ್ಟೆಯ ಹಾಗೆ ಉದ್ದವಾಗಿ ಸವೆದು ಅಂಚು ಸೀಳಿತ್ತು.

ಆಗ ನೆನಪಾಯಿತು. ನನ್ನ ಅಪ್ಪ ಅಚ್ಚಿನ ಕೆಳಗೆ ಹಲಸಿನ ದಿಮ್ಮಿ ಇಟ್ಟದ್ದು ಯಾಕೆ? ಸವೆಯಲಿ ಎಂದೇ. ಇಪ್ಪತ್ತು ವರ್ಷ ಅದನ್ನು ಬದಲಾಯಿಸಿದವನು ನಾನೇ. ಬೋಜಪ್ಪ ಹೇಳಿದ್ದೂ ಅದನ್ನೇ. ಬೆಣ್ಣೆ ಕೈಯವನ ಬಾಯಿಂದ ಬಂತೆಂದು ನನ್ನ ಅಪ್ಪನ ಮಾತನ್ನೇ ನಾನು ಉಗಿದು ಕಳಿಸಿದ್ದೆ.

"ಧಣಿ, ಇನ್ನು ಮೂರು ದಿನ ಕೊಡಿ, ಮರದ ಬಿಲ್ಲೆ ಹಾಕ್ತೇನೆ" ಎಂದೆ. ಜೀವನದಲ್ಲಿ ಮೊದಲ ಸಲ ಒಬ್ಬರ ಮುಂದೆ ಕೈಚಾಚಿದೆ.

"ಮಾತು ಮಾತೇ" ಎಂದರು. ಬೋಜಪ್ಪನೂ ನನ್ನ ಪರವಾಗಿ ಬೇಡಿಕೊಂಡ. ಇಟ್ಟಿಗೆ ಮುರಿದದ್ದು ಬಿಲ್ಲೆ ಇಲ್ಲದೆ ಎಂದ. ಹಾಕಬೇಡ ಎಂದವನು ನಾನು ಎಂದು ಮಾತ್ರ ಹೇಳಲಿಲ್ಲ. ಆ ಒಳ್ಳೆಯತನ ನನ್ನ ಮೈ ಉರಿಸಿತು.

ಪಿಕ್ಕಿಂಗಿಗೆ ಮುಂಚೆ ಎಂಜಿನ್ ಬಂತು. ಅಪ್ಪನ ಚಕ್ರವನ್ನು ಕಡಿದರು. ಧಣಿ ಮಹಾ ಉದಾರಿ ನೋಡಿ, ಮರದ ತುಂಡುಗಳನ್ನು ಗಾಡಿಯಲ್ಲಿ ತುಂಬಿಸಿ ನನ್ನ ಮನೆಗೇ ಕಳಿಸಿದರು, ಸೌದೆಗೆ.

ಅವತ್ತು ಸಂಜೆ ಬೊಳ್ಳಮ್ಮ ಬಚ್ಚಲಿಂದ ಕೂಗಿದಳು, "ನೀರು ಕಾದುಂಟು, ಬನ್ನಿ."

ಒಲೆಯಲ್ಲಿ ಉರಿಯುತ್ತಿದ್ದದ್ದು ಏನೆಂದು ಕೇಳುವ ಅಗತ್ಯವಿರಲಿಲ್ಲ. ತಣ್ಣಗಿದೆ ಎಂದು ಬೈಯಲೆಂದೇ ಹಂಡೆಗೆ ಕೈ ಅದ್ದಿದೆ. ನೀರು ಹದವಾಗಿ ಕಾದಿತ್ತು.