ದುಗ್ಗಮ್ಮನ ವರಮಾನದ ಸರ್ಟಿಫಿಕೇಟು

ಕಚೇರಿಯ ಮೆಟ್ಟಿಲ ಬುಡದಲ್ಲಿ ಚಪ್ಪಲಿ ಕಳಚಿಡುವವರನ್ನು ನಾನು ಗುಮಾಸ್ತನಾಗಿದ್ದ ಮೂವತ್ತು ವರ್ಷವೂ ನೋಡಿದ್ದೇನೆ. ಅದೇ ಮೆಟ್ಟಿಲ ಬುಡದಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದವಳನ್ನು ಮಾತ್ರ ಒಬ್ಬಳನ್ನೇ ನೋಡಿದ್ದು. ಎರಡು ಹರಿದಾರಿ ಕಾಡುದಾರಿಯನ್ನು ಬರಿಗಾಲಲ್ಲಿ ನಡೆದು, ಚಪ್ಪಲಿಯ ಜೋಡನ್ನು ಕಂಕುಳಲ್ಲಿ ಅವುಚಿಕೊಂಡು ಬರುತ್ತಿದ್ದ ದುಗ್ಗಮ್ಮ, ನಮ್ಮ ತಾಲ್ಲೂಕು ಕಚೇರಿಯ ಮುಂದೆ ನಿಂತು, ಪಾದದ ಕೆಮ್ಮಣ್ಣನ್ನು ಹುಲ್ಲಿಗೆ ಒರೆಸಿ, ಚಪ್ಪಲಿ ಮೆಟ್ಟಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಚಟ್ ಚಟ್ ಎಂದು ಸದ್ದು ಮಾಡುತ್ತ ಒಳಗೆ ಬರುತ್ತಿದ್ದಳು. ಜವಾನ ಪುಟ್ಟಣ್ಣ ಒಮ್ಮೆ ಗದರಿದ್ದಕ್ಕೆ, "ದೇವಸ್ಥಾನ ಆಗಿದ್ರೆ ಬಿಡ್ತಿದ್ದೆ. ಇಲ್ಲಿ ಯಾವ ದೇವ್ರಿದಾನೆ, ತೋರ್ಸು" ಎಂದಳು. ಪಾಪ, ಅವನು ತೋರಿಸುವುದಾದರೂ ಯಾರನ್ನು? ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಆಕೆಗೆ ಇನ್ನೊಂದು ಹಟವಿತ್ತು. ಯಾರು ಏನೇ ಹೇಳಲಿ, "ಅದನ್ನೇ ಬರ್ದು ಕೊಡಿ" ಎನ್ನುವುದು. ಅಕ್ಷರ ಬಾರದ ಹೆಂಗಸಿಗೆ ಕಾಗದದ ಮೇಲೆ ಇಷ್ಟು ಮೋಹವೇಕೆ ಎಂದು ನಾವು ನಗುತ್ತಿದ್ದೆವು. ನಗಬಾರದಾಗಿತ್ತು. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುತ್ತಿದ್ದಾಗ ಕೋಟು ತೊಟ್ಟ ಯಾರೋ ಒಬ್ಬರು ಆಕೆಯ ಮನೆಯ ಜಗುಲಿಯಲ್ಲಿ ಕೂತು, ಬೆಲ್ಲ ನೀರು ಕುಡಿದು, ಗದ್ದೆಗೆ ಪ್ರತಿಯಾಗಿ ಗದ್ದೆ ಕೊಡಿಸುತ್ತೇವೆಂದು ಆಕೆಯ ಗಂಡ ಶೇಷಪ್ಪನಿಗೆ ಬಾಯಿಮಾತು ಕೊಟ್ಟು ಹೋಗಿದ್ದರು. ನೀರು ಬಂತು, ಕೋಟು ತೊಟ್ಟವರು ಮತ್ತೆ ಬರಲಿಲ್ಲ. ಶೇಷಪ್ಪ ದಾರಿ ನೋಡುತ್ತ ನೋಡುತ್ತ ಹಾಸಿಗೆ ಹಿಡಿದು ತೀರಿಕೊಂಡ. ಬಂದ ಅಷ್ಟಿಷ್ಟು ಪರಿಹಾರ ಅವನ ಔಷಧಿಗೇ ಮುಗಿಯಿತು. ಅಂದಿನಿಂದ ದುಗ್ಗಮ್ಮ ಬಾಯಿಮಾತು ನಂಬುವುದನ್ನು ಬಿಟ್ಟಳು.

ಅರವತ್ತಾರನೇ ಇಸವಿಯಲ್ಲಿ ಆಕೆಯ ಮಗಳು ಸರೋಜ ಪಿ.ಯು.ಸಿ.ಯಲ್ಲಿ ಮೊದಲ ದರ್ಜೆಯಲ್ಲಿ ಪಾಸಾಗಿ, ಸಾಗರದಲ್ಲಿ ಬಿ.ಎಸ್ಸಿ.ಗೆ ಸೇರಿದಳು. ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕರೆ ಓದು, ಇಲ್ಲದಿದ್ದರೆ ಕೋಣಂದೂರಿನ ಸೋದರಮಾವ ಗೊತ್ತುಮಾಡಿಟ್ಟಿದ್ದ ಗಂಡು. ಅರ್ಜಿಗೆ ತಹಸೀಲ್ದಾರರ ವರಮಾನದ ಸರ್ಟಿಫಿಕೇಟು ಬೇಕು. ಕೊನೆಯ ದಿನ ಬರುವ ಶನಿವಾರ. ದುಗ್ಗಮ್ಮ ಸೋಮವಾರವೇ ಬಂದಳು. ನಾನು ಪಹಣಿ ತೆರೆದು ನೋಡಿ, "ಆಗೋದಿಲ್ಲ ದುಗ್ಗಮ್ಮ. ನಿಮ್ಮ ಹೆಸರಲ್ಲಿ ನಾಲ್ಕು ಎಕರೆ ಗದ್ದೆ ಇದೆ, ಹೋದ ವರ್ಷವೂ ಒಳ್ಳೆ ಬೆಳೆ. ವರಮಾನ ಮಿತಿ ಮೀರುತ್ತೆ" ಎಂದೆ.

"ಬೆಳೆಯಾ? ಎಂಥ ಬೆಳೆ ಗುಮಾಸ್ತ್ರೇ, ಮೀನಾ?"

ನನ್ನ ಮುಖ ಕೆಂಪಾಯಿತು. ಮುಳುಗಡೆಯ ಕಾಗದಗಳು ಬೇರೆ ಊರಿನ ಬೇರೆ ಕಚೇರಿಯಲ್ಲಿ, ಪಹಣಿ ನಮ್ಮಲ್ಲಿ. ಶಾನುಭೋಗರು ಹಿಂದಿನ ವರ್ಷದ ಬೆಳೆಯನ್ನೇ ಮುಂದಿನ ವರ್ಷಕ್ಕೂ ಇಳಿಸಿ ಕಳಿಸಿದರು, ನಾನು ಕಣ್ಣುಮುಚ್ಚಿ ರುಜು ಹಾಕಿದೆ. ಹೀಗೆ ನಾವಿಬ್ಬರೂ ಸೇರಿ ಜಲಾಶಯದ ತಳದಲ್ಲಿ ವರ್ಷ ವರ್ಷವೂ ಭತ್ತ ಬೆಳೆದಿದ್ದೆವು! ತಪ್ಪು ನನ್ನದೆಂದು ಒಪ್ಪಿಕೊಳ್ಳುವ ಬದಲು ನಾನು ಸಿಡುಕಿದೆ, "ಪಹಣಿಯಲ್ಲಿ ಇದ್ದದ್ದು ಇದ್ದ ಹಾಗೆ" ಎಂದೆ. "ಹೌದನಾ? ಅದನ್ನೇ ಬರ್ದು ಕೊಡಿ" ಎಂದಳು. ಪೀಡೆ ತೊಲಗಲೆಂದು, ಅದರ ಬದಲಿಗೆ 'ಸ್ಥಳ ತನಿಖೆ ಆಗತಕ್ಕದ್ದು' ಎಂದು ಗೀಚಿ ಕೊಟ್ಟೆ. ಆಕೆ ಆ ಚೀಟಿಯನ್ನು ಹಿಡಿದು, ತನಿಖೆ ಮಾಡಬೇಕಾದ ಶೇಕದಾರ ಸುಬ್ಬರಾಯರ ಮನೆಬಾಗಿಲಲ್ಲಿ ಎರಡು ದಿನ ಕೂತಳು.

ಗುರುವಾರ ಬೆಳಿಗ್ಗೆ ಸುಬ್ಬರಾಯರೂ ನಾನೂ ದೋಣಿಯಲ್ಲಿದ್ದೆವು. ದುಗ್ಗಮ್ಮ ಚಪ್ಪಲಿ ಮೆಟ್ಟಿಕೊಂಡೇ ಮುಂದೆ ನಿಂತು, ಒಣಗಿದ ಮರದ ತಲೆಗಳನ್ನು ಗುರುತು ಹಿಡಿದು ಅಂಬಿಗನಿಗೆ ದಾರಿ ಹೇಳುತ್ತಿದ್ದಳು. ಒಂದು ಕಡೆ "ನಿಲ್ಸು" ಎಂದವಳೇ, ಬಗ್ಗಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡಳು. ಗದ್ದೆಗೆ ಚಪ್ಪಲಿ ಮೆಟ್ಟಿ ಇಳಿಯುವ ರೂಢಿ ನಮ್ಮ ಕಡೆ ಇಲ್ಲ. "ಇದೇ ನಮ್ಮ ದೊಡ್ಡ ಗದ್ದೆ. ಇಳೀರಿ ಶೇಕದಾರ್ರೇ, ಬೆಳೆ ನೋಡಿ ಬನ್ನಿ." ಅಂಬಿಗ ಗಳವನ್ನು ಪೂರಾ ಇಳಿಸಿದ, ತಳ ಸಿಗಲಿಲ್ಲ. ಸುಬ್ಬರಾಯರು ದೋಣಿಯ ಅಂಚನ್ನು ಗಟ್ಟಿಯಾಗಿ ಹಿಡಿದು ಕೂತಿದ್ದರು. ನನಗೆ ನಾಚಿಕೆಯಾಯಿತು, ಈಗ ನೆನೆದರೂ ಆಗುತ್ತದೆ.

ಶನಿವಾರ ಸರ್ಟಿಫಿಕೇಟು ಸಿದ್ಧವಾಯಿತು. ತಾಯಿ ಮಗಳಿಬ್ಬರೂ ಬಂದಿದ್ದರು. ತೀರ್ಥಹಳ್ಳಿಯಿಂದ ಸಾಗರಕ್ಕೆ ಹೋಗುವ ಹನ್ನೊಂದರ ಬಸ್ಸು ಎದುರಿಗೇ ನಿಂತು ಗುರುಗುಡುತ್ತಿತ್ತು. ನಾನು ಉಪಕಾರ ಮಾಡಿದವನ ಬಿಂಕದಿಂದ ಓದಿದೆ: "ಸದರಿ ದುಗ್ಗಮ್ಮನು ನಿರ್ಗತಿಕಳಾಗಿದ್ದು, ಯಾವುದೇ ಜಮೀನು ಇರುವುದಿಲ್ಲ."

"ನಿರ್ಗತಿಕ ಅಂದ್ರೆ?"

"ಏನೂ ಇಲ್ಲದವರು."

ಆಕೆ ಕಾಗದವನ್ನು ನನ್ನ ಮೇಜಿಗೇ ತಳ್ಳಿದಳು. "ಇಲ್ಲದವ್ರಲ್ಲ ನಾವು. ಇತ್ತು. ನೀವೇ ಮುಳುಗ್ಸಿದ್ದು. ಅದನ್ನ ಬರೀರಿ."

ಗದ್ದಲ ಕೇಳಿ ತಹಸೀಲ್ದಾರರು ಹೊರಗೆ ಬಂದರು. ಇದಾದರೆ ಕೆಲಸ ನಡೆಯುತ್ತದೆ, ಸುಮ್ಮನೆ ತೆಗೆದುಕೊಂಡು ಹೋಗಿ ಎಂದು ಸಮಾಧಾನ ಹೇಳಿದರು. ಹಾಗೆಲ್ಲ ಬರೆದರೆ ಮೇಲಿನವರು ನಮ್ಮನ್ನು ಕೇಳುತ್ತಾರೆ ಎಂದು ರೇಗಿದರು.

"ಕೇಳ್ಲಿ ಸ್ವಾಮಿ. ನಂಗೂ ಅದೇ ಬೇಕಾದ್ದು."

ಬಸ್ಸು ಹಾರನ್ ಹೊಡೆಯಿತು. ನಾನು ತಡೆಯಲಾರದೆ ಸರೋಜಳ ಕಡೆ ತಿರುಗಿ, "ನೀನಾದರೂ ಹೇಳಮ್ಮ, ಇವತ್ತು ತಪ್ಪಿದರೆ ನಿನ್ನ ಓದು ಹೋಯಿತು" ಎಂದೆ. ಆ ಹುಡುಗಿ ಬಸ್ಸನ್ನು ನೋಡಿದಳು, ತಾಯಿಯನ್ನು ನೋಡಿದಳು. "ಬರೀರಿ ಸಾರ್, ಕಾಯ್ತೀವಿ" ಎಂದು ಬೆಂಚಿನ ಮೇಲೆ ಕೂತುಬಿಟ್ಟಳು. ಬಸ್ಸು ಹೊರಟುಹೋಯಿತು.

ನಾನು ಹೊಸ ಹಾಳೆ ತೆಗೆದು ಬರೆದೆ: 'ಸದರಿಯವರು ನಾಲ್ಕು ಎಕರೆ ಗದ್ದೆಯ ಒಡತಿ. ಗದ್ದೆಯು ಸರ್ಕಾರದ ಅಣೆಕಟ್ಟಿನ ನೀರಿನಲ್ಲಿ ಮುಳುಗಿರುವುದರಿಂದ ವರಮಾನ ಇರುವುದಿಲ್ಲ.' ತಹಸೀಲ್ದಾರರು ಅದನ್ನು ಎರಡು ಸಲ ಓದಿ ರುಜು ಹಾಕಿದರು. ತಾಯಿ ಮಗಳು ಮರದ ದಿಮ್ಮಿ ತುಂಬಿದ ನಾಟಾ ಲಾರಿಯೊಂದನ್ನು ಕೈ ಅಡ್ಡ ಹಾಕಿ ನಿಲ್ಲಿಸಿ ಹತ್ತಿ, ಸಾಗರದ ಕಾಲೇಜಿನ ಬಾಗಿಲು ಹಾಕುವ ಹೊತ್ತಿಗೆ ಅರ್ಜಿ ಮುಟ್ಟಿಸಿದರಂತೆ. ವಿದ್ಯಾರ್ಥಿವೇತನ ಮಂಜೂರಾಯಿತು. ಆ ಸುದ್ದಿ ಹೇಳಲು ಬಂದ ದಿನವೂ ದುಗ್ಗಮ್ಮ ಮೆಟ್ಟಿಲ ಬುಡದಲ್ಲಿ ಚಪ್ಪಲಿ ಮೆಟ್ಟಿಕೊಂಡೇ ಬಂದಳು.

ಇಂಥವರನ್ನು ಕಚೇರಿಗಳು ಜಗಳಗಂಟರೆನ್ನುತ್ತವೆ. ನಾನೂ ಹಾಗೆಯೇ ಎನ್ನುತ್ತಿದ್ದೆ. ಕೈಮುಗಿದು ನಿಂತವರಿಗೆ ನಾವು ಕೊಟ್ಟ ಸರ್ಟಿಫಿಕೇಟುಗಳಿಗೆ ಲೆಕ್ಕವಿಲ್ಲ, ಅವುಗಳಲ್ಲೆಲ್ಲ ಅವರು ಏನೂ ಇಲ್ಲದವರು, ಅವರಿಗೆ ಏನೂ ಆಗಿಯೇ ಇಲ್ಲ. ಮಗಳ ಓದು ಕೈತಪ್ಪುವ ಗಳಿಗೆಯಲ್ಲೂ ತಲೆ ತಗ್ಗಿಸದೆ ನಿಲ್ಲುವ ಛಲ ಎಲ್ಲರಿಗೂ ಇರುವುದಿಲ್ಲ, ಇರಬೇಕೆಂದು ಕೇಳುವ ಹಕ್ಕೂ ನಮಗಿಲ್ಲ. ಆದರೆ ಆ ಹಳೆಯ ಕಡತಗಳನ್ನು ಯಾರಾದರೂ ತೆಗೆದು ನೋಡಿದರೆ, ಇಲ್ಲಿ ಒಂದು ಗದ್ದೆ ಇತ್ತು, ಅದನ್ನು ಮುಳುಗಿಸಿದವರು ನಾವು ಎಂದು ಸರ್ಕಾರ ತನ್ನ ಕೈಯಾರೆ ಬರೆದ ಸಾಲೊಂದು ಸಿಗುತ್ತದೆ. ಅಂಥ ಸಾಲು ಎಲ್ಲಿ ಸಿಕ್ಕರೂ, ಅದನ್ನು ಬರೆಸಿದವರು ಮೇಜಿನ ಆಚೆ ಚಪ್ಪಲಿ ಮೆಟ್ಟಿಕೊಂಡೇ ನಿಂತಿದ್ದರೆಂದು ತಿಳಿಯಿರಿ.